ಪ್ರಿಂಟ್ ಮಸುಕಾದರೆ ಲೆನ್ಸ್ ಕೆಟ್ಟಿದೆಯೇ?

ಅಕ್ಕಿಆಲೂರಾಗಲಿ, ಹಾನಗಲ್ಲಾಗಲಿ, ತೀರಿಕೊಂಡ ಅಜ್ಜಿಯ ಫೋಟೊಕ್ಕೆ ಕಟ್ಟು ಹಾಕಿಸಲು ಸ್ಟುಡಿಯೊಗೆ ವಾಟ್ಸ್‌ಆ್ಯಪ್ ಮಾಡುತ್ತೇವೆ. ಪ್ರಿಂಟ್ ಮಸುಕಾಗಿ ಬಂದರೆ ಮೊಬೈಲಿನ ಲೆನ್ಸೇ ಸರಿಯಿಲ್ಲ ಎನ್ನುತ್ತೇವೆ. ಹಲವು ಬಾರಿ ತಪ್ಪು ಲೆನ್ಸಿನದಲ್ಲ, ಕಳಿಸಿದ ರೀತಿಯದು.

ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೊದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್‌ಗೆ ಇಳಿಯುತ್ತದೆ. ಮೊಬೈಲ್ ಪರದೆಯಲ್ಲಿ ಈ ಕೊರತೆ ಗೊತ್ತಾಗುವುದಿಲ್ಲ. ಆದರೆ 12×18 ಇಂಚಿನ ಪ್ರಿಂಟ್ ಹಾಕಿಸಿದರೆ ಇಂಚಿಗೆ 90 ಪಿಕ್ಸೆಲ್ ಕೂಡ ಸಿಗದು. ಹತ್ತಿರದಿಂದ ನೋಡುವ ಪ್ರಿಂಟ್‌ಗೆ 300 ಇದ್ದರೆ ಚೆಂದ.

ಕಳೆದುಹೋದ ವಿವರ ಮರಳಿ ಬರುವುದಿಲ್ಲ. ‘ಕ್ಲಿಯರ್’ ಮಾಡುವ ಎಐ ಆ್ಯಪ್‌ಗಳು ಅದನ್ನು ಊಹಿಸಿ ತುಂಬುತ್ತವೆ. ಆ ಮುಖ ಅಜ್ಜಿಯದೇ ಆಗಿರಬೇಕೆಂದಿಲ್ಲ.

ಫೋಟೊ ತೆಗೆದ ಮೊಬೈಲಿನಿಂದಲೇ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಮೂಲ ಫೋಟೊ ಅಳಿಸಬೇಡಿ.