ಪಿನ್‌ಬಾಲೂ ಸಾಹಿತ್ಯವೇ ಸ್ವಾಮಿ!

ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಮೇಷ್ಟ್ರು ಆಚೆ ಕಾಲಿಟ್ಟರೆ ಸಾಕು, ಅರ್ಧ ಮಾನಿಟರುಗಳ ಮೇಲೆ ಒಂದೇ ಚಿತ್ರ ಮೂಡುತ್ತಿತ್ತು. ಕಡುನೀಲಿ ಆಕಾಶ, ಓರೆಯಾಗಿ ಇಟ್ಟಂಥ ಒಂದು ಮೇಜು, ಬಲಗಡೆ ಅಂಕಗಳ ಫಲಕ. ಸ್ಪೇಸ್ ಬಾರ್ ಒತ್ತಿ ಹಿಡಿದು ಬಿಟ್ಟರೆ ಬೆಳ್ಳಿಬಣ್ಣದ ಚೆಂಡು ಚಿಮ್ಮಿ ಮೇಲೇರುತ್ತಿತ್ತು. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಕೀಬೋರ್ಡ್ ಮುಟ್ಟಿದವರಿಗೆ ಹೆಸರು ಹೇಳಬೇಕಾಗಿಲ್ಲ. ಈಗಿನ ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ: ಅದು ‘ತ್ರೀಡಿ ಪಿನ್‌ಬಾಲ್ ಸ್ಪೇಸ್ ಕೆಡೆಟ್’.

ಇಂಥ ಬರಹ ಇಲ್ಲಿಂದ ಮುಂದೆ ಎತ್ತ ಹೋಗುತ್ತದೆಂದು ನಿಮಗೆ ಗೊತ್ತು. ಆಹಾ ಆ ದಿನಗಳೇ, ಆ ಗೆಳೆಯರೇ! ಕ್ಷಮಿಸಿ, ನನ್ನ ಜಗಳ ಇರುವುದೇ ಈ ಹಳಹಳಿಕೆಯ ಜೊತೆ. ನಿಟ್ಟುಸಿರು ಬಿಡುವವರಲ್ಲಿ ಒಬ್ಬರೂ ಆ ಗೇಮು ನಮ್ಮ ಕಂಪ್ಯೂಟರುಗಳಿಂದ ಯಾಕೆ ಕಾಣೆಯಾಯಿತು ಎಂದು ಕೇಳುವುದಿಲ್ಲ. ಸಾಹಿತ್ಯದ ಮಂದಿಗಂತೂ ಅದು ‘ಬರೀ ಆಟ’. ಆದರೆ ನಮ್ಮ ದೇಶದ ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಈಗಿರುವ ರೂಪದಲ್ಲಿ ತೆರೆದು ನೋಡಿ. ‘ಸಾಹಿತ್ಯ ಕೃತಿ’ ಎಂಬುದರ ವ್ಯಾಖ್ಯೆಯಲ್ಲಿ ಕಂಪ್ಯೂಟರ್ ಪ್ರೋಗ್ರಾಮೂ ಸೇರಿದೆ. ಕಾದಂಬರಿಗೆ ಸಿಗುವ ಹಾಗೆಯೇ ಅದಕ್ಕೂ ಕರ್ತೃವಿನ ಮರಣಾನಂತರ 60 ವರ್ಷಗಳ ರಕ್ಷಣೆ. ಕಾನೂನು ಸಾಹಿತ್ಯ ಎಂದದ್ದನ್ನು ಸಾಹಿತಿಗಳು ಆಟಿಕೆ ಎನ್ನುತ್ತಾರೆ. ಈ ವಿಷಯದಲ್ಲಿ ನಾನು ಕಾನೂನಿನ ಕಡೆ.

ಕೃತಿಯಾಗಿಯೂ ಅದು ಬಡವಲ್ಲ. ಚೆಂಡು ಹೊಡೆದು ಅಂಕ ಗಳಿಸುವುದಷ್ಟೇ ಅಲ್ಲಿ ಇರಲಿಲ್ಲ. ನೀವು ಗಗನನೌಕಾಪಡೆಗೆ ಸೇರಿದ ಕೆಡೆಟ್. ಗುರಿಗಳಿಗೆ ಚೆಂಡು ತಾಗಿಸಿ ಕಾರ್ಯಾಚರಣೆಯೊಂದನ್ನು ಆರಿಸಿಕೊಳ್ಳಬೇಕು, ಉಡಾವಣೆಯ ಇಳಿಜಾರನ್ನು ಹತ್ತಿಸಿ ಅದನ್ನು ಒಪ್ಪಿಕೊಳ್ಳಬೇಕು. ಅಷ್ಟರಲ್ಲಿ ಇಂಧನದ ದೀಪಗಳು ಒಂದೊಂದೇ ಆರತೊಡಗುತ್ತವೆ. ಗೆದ್ದರೆ ಬಡ್ತಿ. ಕೆಡೆಟ್‌ನಿಂದ ಫ್ಲೀಟ್ ಅಡ್ಮಿರಲ್‌ವರೆಗೆ ಒಂಬತ್ತು ಹುದ್ದೆಗಳು. ನಡುವೆ ಕಪ್ಪುಕುಳಿ, ಹುಳುಬಿಲ, ಹೈಪರ್‌ಸ್ಪೇಸ್. ಐವತ್ತರ ದಶಕದ ಅಮೆರಿಕದ ರಾಕೆಟ್ ಕಥೆಗಳ ಗತ್ತೆಲ್ಲ ಅಲ್ಲಿತ್ತು, ಆದರೆ ಕೆಳಗೆ ಒಂದು ಗಟ್ಟಿ ಸತ್ಯವೂ ಇತ್ತು: ಎಷ್ಟೇ ಎತ್ತರದ ಹುದ್ದೆಗೇರಿದರೂ ಚೆಂಡು ಕೆಳಕ್ಕೇ ಉರುಳುತ್ತದೆ. ಸಿಟ್ಟು ಬಂದು ಮೇಜನ್ನು ಅತಿಯಾಗಿ ಅಲುಗಿಸಿದರೆ ‘ಟಿಲ್ಟ್’ ಎಂದು ಎರಡೂ ಫ್ಲಿಪ್ಪರುಗಳು ಸತ್ತು ಬೀಳುತ್ತವೆ. ಸಂಯಮದ ಪಾಠವನ್ನು ಇಷ್ಟು ಚುಟುಕಾಗಿ ಕಲಿಸಿದ ಪಠ್ಯಪುಸ್ತಕ ನನಗೆ ಸಿಕ್ಕಿಲ್ಲ.

ಅದನ್ನು ಮೈಕ್ರೋಸಾಫ್ಟೇ ಬರೆದದ್ದೆಂದು ನಾವೆಲ್ಲ ತಿಳಿದಿದ್ದೆವು. ಬರೆದದ್ದು ಸಿನೆಮಾಟ್ರಾನಿಕ್ಸ್ ಎಂಬ ಅಮೆರಿಕದ ಸಣ್ಣ ಸಂಸ್ಥೆ. 1995ರಲ್ಲಿ ಮ್ಯಾಕ್ಸಿಸ್ ಪ್ರಕಟಿಸಿದ ‘ಫುಲ್ ಟಿಲ್ಟ್! ಪಿನ್‌ಬಾಲ್’ನ ಮೂರು ಮೇಜುಗಳಲ್ಲಿ ಸ್ಪೇಸ್ ಕೆಡೆಟ್ ಒಂದು. ಆ ಒಂದು ಮೇಜನ್ನು ಮೈಕ್ರೋಸಾಫ್ಟ್ ಮೊದಲು ವಿಂಡೋಸ್ 95ರ ‘ಪ್ಲಸ್!’ ಪ್ಯಾಕಿನಲ್ಲಿ ಕೊಟ್ಟಿತು, ಆಮೇಲೆ ಎನ್‌ಟಿ, 2000, ಎಕ್ಸ್‌ಪಿಗಳ ಜೊತೆಗೆ ಹಂಚಿತು. ಅಷ್ಟರಲ್ಲಿ ಬರೆದವರನ್ನು 1996ರಲ್ಲಿ ಮ್ಯಾಕ್ಸಿಸ್ ಕೊಂಡಿತ್ತು, ಮರುವರ್ಷ ಮ್ಯಾಕ್ಸಿಸನ್ನೇ ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡಿತ್ತು. ಕೃತಿ ಮನೆಮನೆಯಲ್ಲಿತ್ತು, ಅದರ ತವರುಮನೆ ಮಾತ್ರ ಕೈಯಿಂದ ಕೈಗೆ ಹೋಗುತ್ತಿತ್ತು.

ವಿಂಡೋಸ್ ವಿಸ್ಟಾ ಬಂದಾಗ ಪಿನ್‌ಬಾಲ್ ಇರಲಿಲ್ಲ. ಯಾಕೆಂದು 2012ರಲ್ಲಿ ಬರೆದವರು ಮೈಕ್ರೋಸಾಫ್ಟಿನ ಎಂಜಿನಿಯರ್ ರೇಮಂಡ್ ಚೆನ್. ಗೇಮನ್ನು 64-ಬಿಟ್‌ಗೆ ಒಗ್ಗಿಸಲು ಹೋದಾಗ ಚೆಂಡು ಯಾವುದಕ್ಕೂ ತಾಗದೆ ಭೂತದ ಹಾಗೆ ಎಲ್ಲದರೊಳಗೂ ತೂರಿಹೋಗುತ್ತಿತ್ತಂತೆ. ಡಿಕ್ಕಿಯನ್ನು ಲೆಕ್ಕಹಾಕುವ ಭಾಗ ಎಲ್ಲಿದೆಯೆಂದು ಹುಡುಕಿದರೆ ಸಿಗಲೇ ಇಲ್ಲ. ಹೊರಗಿನ ಸಂಸ್ಥೆ ವರ್ಷಗಳ ಹಿಂದೆ ಬರೆದ ಕೋಡ್, ಅದರಲ್ಲಿ ಟಿಪ್ಪಣಿಗಳು ಇಲ್ಲವೆಂಬಷ್ಟು ಕಡಿಮೆ. ಕೊನೆಗೆ ಗೇಮನ್ನೇ ಕೈಬಿಟ್ಟರು.

ಈ ಮಾತನ್ನು ಗ್ರಂಥ ಸಂಪಾದನೆಯ ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು. ಹಸ್ತಪ್ರತಿ ಮನೆಯಲ್ಲೇ ಇತ್ತು. ಗೆದ್ದಲು ತಿಂದಿರಲಿಲ್ಲ, ನೀರು ಬಿದ್ದಿರಲಿಲ್ಲ. ಓದಬಲ್ಲವರು ಇರಲಿಲ್ಲ, ಕೂತು ಓದುವಷ್ಟು ಬಿಡುವನ್ನು ಕಂಪನಿ ಕೊಡಲಿಲ್ಲ. ಆ ಎಂಜಿನಿಯರುಗಳನ್ನು ನಾನು ದೂರುವುದಿಲ್ಲ. ಓಲೆಗರಿ ಓದಲಾಗದೆ ಕಟ್ಟಿಟ್ಟವರು ನಮ್ಮಲ್ಲೇನು ಕಡಿಮೆಯೇ?

ಹಾಗಾದರೆ ಉಳಿಸಿದವರು ಯಾರು? 2021ರಲ್ಲಿ ಅಡ್ಡಹೆಸರಿನ ಪ್ರೋಗ್ರಾಮರ್ ಒಬ್ಬರು, ಯಂತ್ರಕ್ಕಷ್ಟೇ ತಿಳಿಯುತ್ತಿದ್ದ ಆ ಗೇಮನ್ನು ಬಿಡಿಸಿ ಓದಿ, ಮನುಷ್ಯರು ಓದಬಲ್ಲ ಸಿ++ ಭಾಷೆಯಲ್ಲಿ ಮರಳಿ ಕಟ್ಟಿ ಗಿಟ್‌ಹಬ್‌ನಲ್ಲಿಟ್ಟರು. ಯಾರೂ ಸಂಬಳ ಕೊಟ್ಟಿರಲಿಲ್ಲ. ಇಂದು ಅದು ಲಿನಕ್ಸ್‌ನಲ್ಲೂ ಓಡುತ್ತದೆ. ಆದರೆ ಒಂದು ಸೂಕ್ಷ್ಮ ಗಮನಿಸಿ: ಅದರಲ್ಲಿ ಮೂಲ ಗೇಮಿನ ಚಿತ್ರ, ಸದ್ದುಗಳಿಲ್ಲ. ಅವು ಇನ್ನೊಬ್ಬರ ಸ್ವತ್ತು. ಆಡಬೇಕೆಂದರೆ ಹಳೆಯ ಪ್ರತಿಯಿಂದ ಆ ಕಡತಗಳನ್ನು ನೀವೇ ತರಬೇಕು. ಜೀವ ಕೊಟ್ಟವರು ಕಾನೂನಿನ ಭಯದಲ್ಲಿ ಹೊಸಿಲ ಆಚೆ ನಿಂತಿದ್ದಾರೆ. ಕೈಬಿಟ್ಟವರು ಮನೆಯ ಯಜಮಾನರು!

‘ಅವರ ಸ್ವತ್ತು, ಅವರಿಷ್ಟ’ ಎನ್ನಬಹುದು. ಒಪ್ಪಿದೆ, ಮಾರುವ ಹಕ್ಕು ಅವರದ್ದೇ ಇರಲಿ. ಆದರೆ ಪುಸ್ತಕದ ವಿಷಯದಲ್ಲಿ ನಾವು ಅಷ್ಟಕ್ಕೇ ಬಿಟ್ಟಿಲ್ಲವಲ್ಲ? 1954ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಪ್ರಕಟವಾದ ಪ್ರತಿ ಪುಸ್ತಕದ ಪ್ರತಿ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನೂ ಕೆಲವು ಸಾರ್ವಜನಿಕ ಗ್ರಂಥಾಲಯಗಳಿಗೂ ಹೋಗಬೇಕು. ಪ್ರಕಾಶಕ ಅಂಗಡಿ ಮುಚ್ಚಿದರೂ ಪುಸ್ತಕ ಉಳಿಯಲಿ ಎಂದು. ಆ ಕಾಯ್ದೆಯ ‘ಪುಸ್ತಕ’ದೊಳಗೆ ಪ್ರೋಗ್ರಾಂ ಬರುವುದಿಲ್ಲ. ರಕ್ಷಣೆ ಬೇಡುವಾಗ ಸಾಹಿತ್ಯ, ಪ್ರತಿ ಕೊಡುವಾಗ ಸರಕು. ಇದು ಯಾವ ಸೀಮೆಯ ನ್ಯಾಯ? 60 ವರ್ಷಗಳ ರಕ್ಷಣೆ ಬೇಕೆನ್ನುವ ಪ್ರೋಗ್ರಾಮಿನ ಮೂಲ ಕೋಡ್, ಮುಚ್ಚಿದ ಲಕೋಟೆಯಲ್ಲಾದರೂ ಸರಿ, ಒಂದು ಗ್ರಂಥಾಲಯ ಸೇರಬೇಕು. ಮಾಲೀಕರು ಕೈಬಿಟ್ಟ ದಿನ ಆ ಲಕೋಟೆ ತೆರೆಯಬೇಕು. ಈ ಬೇಡಿಕೆ ಇಡಬೇಕಾದವರು ಗ್ರಂಥಾಲಯಗಳಲ್ಲಿ ಬೆಳೆದ ನಾವು.

ಇದು ಎಲ್ಲೋ ಅಮೆರಿಕದ ಗೇಮಿನ ಕಥೆ ಎನ್ನುವವರು ತಮ್ಮ ಹಳೆಯ ಸಿ.ಡಿ.ಗಳನ್ನು ಒಮ್ಮೆ ತೆರೆದು ನೋಡಲಿ. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟಿನಲ್ಲಿ ನಾನು ಟೈಪ್ ಮಾಡಿಟ್ಟಿದ್ದ ಹತ್ತಾರು ಪುಟ ಇವತ್ತು ರೋಮನ್ ಅಕ್ಷರಗಳ ಕಲಸುಮೇಲೋಗರ. ಕಡತ ಇದೆ, ಕನ್ನಡ ಇಲ್ಲ. ಅದನ್ನು ಮತ್ತೆ ಓದುವಂತೆ ಮಾಡುವುದೂ ಯಾರೋ ಪುಣ್ಯಾತ್ಮರು ಕೂತು ಬರೆದ ಪರಿವರ್ತಕಗಳೇ. ಅಂದು ಲ್ಯಾಬಿನಲ್ಲಿ ಚೆಂಡು ಕೈತಪ್ಪಿದರೆ ಎಫ್2 ಒತ್ತಿ ಹೊಸ ಆಟ ಶುರುಮಾಡುತ್ತಿದ್ದೆವು. ಓದಲು ಬಾರದಂತಾದ ಕೃತಿಗೆ ಅಂಥ ಕೀಲಿ ಇಲ್ಲ.