ಟಾಪ್ ರೇಟು ಬಿಡಿ, ಆವರೇಜ್ ಹೇಳಿ

ಟೊಮೆಟೊ ಹಾಕಿರೋ ಮನೆಗಳಲ್ಲಿ ಒಂದು ಮೆಸೇಜನ್ನ ಯಾರೂ ಓದದೆ ಬಿಡಲ್ಲ: ಕೋಲಾರ ಎಪಿಎಂಸಿಯ ಮಂಡಿಯವರು ವಾಟ್ಸಾಪ್‌ನಲ್ಲಿ ಕಳಿಸೋ ಅವತ್ತಿನ ರೇಟು. 15 ಕೆಜಿ ಬಾಕ್ಸು ಎಷ್ಟಕ್ಕೆ ಹೋಯ್ತು ಅನ್ನೋದಷ್ಟೇ ಅದರಲ್ಲಿರುತ್ತೆ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯವರಿಗೂ ಬಾದಾಮಿ ಎಷ್ಟು, ತೋತಾಪುರಿ ಎಷ್ಟು ಅನ್ನೋದೇ ಮುಖ್ಯ.

ಕಳಿಸೋ ಮಂಡಿಯವರಿಗೂ ಸ್ವಾರ್ಥ ಇದೆ, ಮಾಲು ತಮ್ಮಲ್ಲಿಗೇ ಬರಲಿ ಅಂತ. ಅಂದ್ರೆ ಅದೂ ಮಾರ್ಕೆಟಿಂಗೇ! ಆದ್ರೂ ಓದ್ತೀವಿ. ಯಾಕಂದ್ರೆ ಮಾಲು ಅವರ ಹತ್ರ ಹಾಕದೆ ಇದ್ರೂ ನಾಳೆ ಕೀಳಬೇಕೋ ಬೇಡವೋ ಅನ್ನೋದು ತಿಳಿಯುತ್ತೆ.

ಕಂಪನಿಗಳು ಕಳಿಸೋ ಮೇಲ್‌ಗಳಿಗೂ ಇದೇ ಅಳತೆಗೋಲು ಅನ್ನೋದು ನನ್ನ ವಾದ. ಇವತ್ತು ಏನೂ ಕೊಳ್ಳದಿದ್ರೂ ಓದಿದ್ದಕ್ಕೆ ಏನಾದ್ರೂ ಸಿಕ್ತಾ? ಟ್ರ್ಯಾಕ್ಟರ್ ಮಾಡೋ ಜಾನ್ ಡೀರ್ ಕಂಪನಿ 1895ರಲ್ಲೇ 'ದಿ ಫರೋ' ಅನ್ನೋ ಕೃಷಿ ಪತ್ರಿಕೆ ಶುರು ಮಾಡಿತು. ಬೇಸಾಯದ ವಿಷಯ ಬರೆದಿದ್ದರಿಂದಲೇ ಅದು ನೂರು ವರ್ಷ ದಾಟಿಯೂ ಉಳಿದಿದೆ. ಇದಕ್ಕೆ ತದ್ವಿರುದ್ಧ 1978ರ ಮೇ ತಿಂಗಳಿನ ಕಥೆ. ಡಿಇಸಿ ಅನ್ನೋ ಕಂಪ್ಯೂಟರ್ ಕಂಪನಿ ಅರ್ಪಾನೆಟ್‌ನಲ್ಲಿದ್ದ ಸುಮಾರು 400 ಜನಕ್ಕೆ, ಅವರು ಕೇಳದೇನೇ, ಜಾಹೀರಾತು ಮೇಲ್ ಕಳಿಸಿತು. ಅದನ್ನೇ ಮೊದಲ ಸ್ಪ್ಯಾಮ್ ಅಂತಾರೆ.

ಇನ್ನೊಂದು ಮಾತು. ಕೆಲವು ಮಂಡಿಯವರು ಟಾಪ್ ರೇಟು ಮಾತ್ರ ಹಾಕ್ತಾರೆ. ಒಂದೇ ಒಂದು ಲಾಟು ಆ ಬೆಲೆಗೆ ಹೋಗಿರುತ್ತೆ. ಅದಕ್ಕೇ ಅನುಭವಸ್ಥ ರೈತ ಕೇಳೋದು, "ಟಾಪ್ ಇರ್ಲಿ, ಆವರೇಜ್ ಎಷ್ಟು?" ನಮಗೆ ಬರೋ "80% ವರೆಗೆ ರಿಯಾಯಿತಿ" ಮೇಲೂ ಅದೇ ಜಾತಿ. ಇಡೀ ಮೋಸ ಆ 'ವರೆಗೆ'ಯಲ್ಲೇ ಅಡಗಿದೆ. ರೇಟು ಬಿದ್ದ ದಿನವೂ ಬಿದ್ದಿದೆ ಅಂತ ಹೇಳೋ ಮಂಡಿಯನ್ನ ರೈತ ನಂಬ್ತಾನೆ. ಬೆಲೆ ಏರಿದ್ರೆ ಏರಿದೆ, ಹಳೇ ಮಾಡೆಲ್ಲೇ ನಿಮಗೆ ಸಾಕು ಅಂತ ಹೇಳೋ ಕಂಪನಿಯ ಮೇಲ್‌ಗೆ ನಾನೂ ಚಂದಾದಾರನಾಗ್ತೀನಿ.

ಆಫರ್‌ನಿಂದ ದುಡ್ಡು ಉಳಿಯಲ್ವಾ ಅಂತೀರಾ? ಬೇಕಾಗಿದ್ದ ವಸ್ತುವಿಗೆ ಬಂದ್ರೆ ಉಳಿಯುತ್ತೆ. ಬೇಡದ್ದನ್ನ ಅರ್ಧ ಬೆಲೆಗೆ ಕೊಂಡ್ರೆ ಅರ್ಧ ಬೆಲೆ ಹೋಯ್ತು, ಅಷ್ಟೇ. ಅದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ: "ಕೊನೇ ಅವಕಾಶ" ಅಂತ ಕಿರುಚೋ ಮೂವತ್ತು ಮೇಲ್‌ಗಳ ಕೆಳಗೆ ಫೈನಲ್ ಇಯರ್ ಹುಡುಗಿಯೊಬ್ಬಳ ಇಂಟರ್‌ವ್ಯೂ ಮೇಲ್ ಹೂತುಹೋಗೋದು. ನಿಜವಾದ ಕೊನೇ ಅವಕಾಶ ಅದಾಗಿರುತ್ತೆ.

ಹೊರಬರೋ ದಾರಿ ಈಗ ಸುಲಭ. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಕಳಿಸೋ ಕಂಪನಿಗಳು ಜಾಹೀರಾತು ಮೇಲ್‌ಗಳಲ್ಲಿ ಒಂದೇ ಕ್ಲಿಕ್ಕಿನ ಅನ್‌ಸಬ್‌ಸ್ಕ್ರೈಬ್ ಕೊಡಲೇಬೇಕು ಅಂತ 2024ರಲ್ಲಿ ಜಿಮೇಲ್ ನಿಯಮ ತಂದಿದೆ. ಬಳಸಿಕೊಳ್ಳಿ.

ಮಾಲೂರು, ಮುಳಬಾಗಿಲಿನಿಂದ ಬಸ್ ಹತ್ತಿ ಬರೋ ನಮ್ಮಲ್ಲೇ ಕೆಲವರು ನಾಳೆ ಬೆಂಗಳೂರಿನ ಕಂಪನಿಗಳಲ್ಲಿ ಕೂತು ಇಂಥ ಮೇಲ್ ಕಳಿಸೋ ಕೋಡ್ ಬರೀತೀವಿ. ಆಗ ನೆನಪಿರಲಿ: ಆ ಕಡೆ ಓದೋರು ನಮ್ಮಪ್ಪ, ನಮ್ಮಮ್ಮನಂಥವರೇ. ಅವರಿಗೆ ಆವರೇಜ್ ರೇಟು ಹೇಳೋಣ.