ಮರಳಿಸುವುದು ಔದಾರ್ಯವಲ್ಲ

ಇಂದಿನ ಬೆನಿನ್ ದೇಶದ ಭಾಗವಾಗಿರುವ ದಹೋಮೆ ರಾಜ್ಯದಲ್ಲಿ ದೂತನ ಕೈಯಲ್ಲಿನ ಕೆತ್ತನೆಯ ದಂಡವೇ ಅರಸನ ಆಣತಿಗೆ ಸಾಕ್ಷಿ. 1892ರಲ್ಲಿ ಆಲ್ಫ್ರೆಡ್ ಡಾಡ್ಸ್ ನೇತೃತ್ವದ ಫ್ರೆಂಚ್ ಪಡೆ ರಾಜಧಾನಿ ಅಬೊಮೆಯನ್ನು ವಶಪಡಿಸಿಕೊಂಡಾಗ ಇಂಥ ದಂಡ, ಸಿಂಹಾಸನ, ಅರಮನೆಯ ಬಾಗಿಲುಗಳಲ್ಲದೆ ಮೂವರು ಅರಸರ ಮರದ ಪ್ರತಿಮೆಗಳೂ ಕೊಳ್ಳೆಯಾದವು. ಗೆಜೊ ಪಕ್ಷಿಯಾಗಿ, ಗ್ಲೆಲೆ ಸಿಂಹವಾಗಿ, ಬೆಹಾಂಜಿನ್ ಶಾರ್ಕ್ ಆಗಿ ಕಡೆಯಲ್ಪಟ್ಟ ಈ ಪ್ರತಿಮೆಗಳು ಪ್ಯಾರಿಸ್ಸಿನ ಜನಾಂಗೀಯ ವಸ್ತುಸಂಗ್ರಹಾಲಯಕ್ಕೆ ಡಾಡ್ಸ್‌ನ ‘ಕೊಡುಗೆ’ಯಾಗಿ ಸೇರಿದವು.

2016ರಲ್ಲಿ ಬೆನಿನ್ ಇವನ್ನು ಕೇಳಿದಾಗ, ಸಾರ್ವಜನಿಕ ಸಂಗ್ರಹದ ವಸ್ತುಗಳನ್ನು ಪರಭಾರೆ ಮಾಡುವಂತಿಲ್ಲವೆಂದು ಫ್ರಾನ್ಸ್ ನಿರಾಕರಿಸಿತು. 2020ರಲ್ಲಿ ಅಲ್ಲಿನ ಸಂಸತ್ತೇ ವಿಶೇಷ ಕಾಯ್ದೆ ಮಾಡಿತು. 2021ರ ನವೆಂಬರ್‌ನಲ್ಲಿ 26 ವಸ್ತುಗಳು ತಾಯ್ನಾಡಿಗೆ ಮರಳಿದವು. ಕೊರತೆಯಿದ್ದುದು ಕಾನೂನಿನದಲ್ಲ, ಇಚ್ಛಾಶಕ್ತಿಯದು.

ಸಂರಕ್ಷಣೆಯ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕಾಪಾಡಿದ ಮಾತ್ರಕ್ಕೆ ಯಾರೂ ಒಡೆಯರಾಗುವುದಿಲ್ಲ. ಆ ಕಾಯ್ದೆಯಾದರೋ ಈ 26 ವಸ್ತುಗಳಿಗೂ ಸೆನೆಗಲ್‌ನ ಒಂದು ಖಡ್ಗಕ್ಕೂ ಸೀಮಿತವಾಗಿತ್ತು. ಫ್ರಾನ್ಸಿನ ಸಾರ್ವಜನಿಕ ಸಂಗ್ರಹಗಳಲ್ಲಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕದ ಸುಮಾರು 90 ಸಾವಿರ ವಸ್ತುಗಳಿವೆಯೆಂದು 2018ರ ಸಾರ್–ಸವೊಯ್ ವರದಿ ಅಂದಾಜಿಸಿತ್ತು. ಅವೆಲ್ಲವೂ ಕೊಳ್ಳೆಯ ಮಾಲಲ್ಲ, ನಿಜ. ಯಾವುದು ಕೊಳ್ಳೆಯೆಂದು ದಾಖಲೆಗಳಿಂದ ಸಾಬೀತಾದ ಮೇಲೂ ಪ್ರತಿಯೊಂದಕ್ಕೂ ವಿಶೇಷ ಅನುಗ್ರಹವನ್ನು ಬೇಡಬೇಕಾದರೆ, ಹಕ್ಕು ದಾನವಾಗಿ ಕುಗ್ಗುತ್ತದೆ. ಡಾಡ್ಸ್‌ನ ‘ಕೊಡುಗೆ’ಯನ್ನು ಇನ್ನೊಂದು ಕೊಡುಗೆಯಿಂದ ಸರಿಪಡಿಸಲಾಗದು, ಅದಕ್ಕೆ ಬೇಕಿರುವುದು ನ್ಯಾಯ.